ಹಕ್ಕಲು ಬಿಡದ ವರ್ಷ

ನನ್ನ ಅಣ್ಣನನ್ನು ಪೊಲೀಸರು ಜೀಪಿಗೆ ಹತ್ತಿಸಿದ ಬೆಳಿಗ್ಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಸುಮ್ಮನಿದ್ದೆ ಎಂದರೂ ಪೂರ್ತಿ ನಿಜವಾಗುವುದಿಲ್ಲ. ಕೇಳಿದವರಿಗೆ ತಲೆಯಾಡಿಸಿಬಿಟ್ಟೆ. ಆಗ ನನಗೆ ಹನ್ನೊಂದು ವರ್ಷ. ಅಷ್ಟು ಚಿಕ್ಕ ಹುಡುಗಿಗೆ ಏನು ತಿಳಿಯುತ್ತದೆ ಎಂದು ಈಚೆಗೆ ಕೆಲವರು ಸಮಾಧಾನ ಹೇಳಿದರು. ನನಗೆ ತಿಳಿದಿತ್ತು. ತಿಳಿದೇ ತಲೆಯಾಡಿಸಿದೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬೇರೆ ಯಾರೂ ಬರೆಯುವಂತಿಲ್ಲ.

ಆಗಿನ ಕಾಲ ಎಂದರೆ ಬಹಳ ಹಿಂದಿನದೇನಲ್ಲ, ತೊಂಬತ್ತರ ದಶಕದ ನಡುವಿನ ವರ್ಷಗಳು. ಹೆತ್ತೂರು ದಾಟಿ ಹೊಂಗಡಹಳ್ಳದ ಕಡೆ ಹೋಗುವ ರಸ್ತೆಯಿಂದ ಒಳಗೆ ಇಳಿದರೆ ಸಿಗುವ ಒಂದು ಎಸ್ಟೇಟಿನ ಲೈನಿನಲ್ಲಿ ನಾವಿದ್ದೆವು. ಒಂದೇ ಉದ್ದನೆಯ ಹೆಂಚಿನ ಸೂರು, ಅದರ ಕೆಳಗೆ ಗೋಡೆಗೆ ಗೋಡೆ ಅಂಟಿಸಿಕೊಂಡ ಕೋಣೆಗಳು. ಒಬ್ಬರ ಮನೆಯಲ್ಲಿ ಸೂಜಿಮೆಣಸು ಹುರಿದರೆ ಸಾಲಿನ ಕೊನೆಯವರೆಗೂ ಎಲ್ಲರೂ ಸೀನುತ್ತಿದ್ದರು. ಲೈನಿನಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳದಲ್ಲಿ ಕಲ್ಲೆತ್ತಿ ಏಡಿ ಹಿಡಿದದ್ದು, ಬೆಂಕಿಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟದ್ದು, ಕುಯ್ಲಿನ ಕಾಲದಲ್ಲಿ ಅವ್ವಂದಿರ ಸೀರೆಯ ಸೆರಗಿನಿಂದ ಬರುತ್ತಿದ್ದ ಹುಳಿ ಹುಳಿ ವಾಸನೆ, ಎಲ್ಲ ಅವರಿಗೂ ನೆನಪಿರುತ್ತದೆ.

ನಮ್ಮ ದೊಡ್ಡ ಆಟ ರೈಟರ್ ಆಟ. ಎಸ್ಟೇಟಿನಲ್ಲಿ ಹಾಜರಿ ಹಾಕಿ ಹಣ್ಣು ತೂಗಿಸುವವನು ರೈಟರ್. ಒಬ್ಬರು ರೈಟರ್ ಆಗಿ ಬಗಲಿಗೆ ಕೋಲನ್ನು ಕೊಡೆಯಂತೆ ಸಿಕ್ಕಿಸಿಕೊಂಡು ಕಲ್ಲಿನ ಮೇಲೆ ಕೂರಬೇಕು. ಉಳಿದವರು ಕಾಡುಕಾಯಿಗಳನ್ನು ಲಂಗದಲ್ಲಿ ತುಂಬಿ ತಂದು ತೂಗಿಸಬೇಕು. ತೆಂಗಿನ ಚಿಪ್ಪಿನ ತಕ್ಕಡಿ. "ಇದ್ರಲ್ಲಿ ಬರೀ ಎಲೆನೇ ಐತಲ್ಲೇ, ಕಳೀರಿ ಎರಡು ಕೆಜಿ" ಎಂದು ಮೂಗಿನಲ್ಲಿ ಹೇಳುವುದು ಯಾರಿಗೆ ಚೆನ್ನಾಗಿ ಬರುತ್ತಿತ್ತೋ ಅವರೇ ಮತ್ತೆ ಮತ್ತೆ ರೈಟರ್. ನನಗೆ ಚೆನ್ನಾಗಿ ಬರುತ್ತಿತ್ತು.

ಕುಯ್ಲು ಮುಗಿದ ಮೇಲೆ ಹಕ್ಕಲು. ಹಣ್ಣು ಕುಯ್ದಾಗಿ, ಗಿಡದ ಬುಡದಲ್ಲಿ ಉದುರಿದ್ದನ್ನೂ ಎಸ್ಟೇಟಿನವರು ಆರಿಸಿಕೊಂಡಾದ ಮೇಲೆ, ಒಂದು ಸಂಜೆ ರೈಟರ್ ಕಣದ ಕಟ್ಟೆಯ ಮೇಲೆ ನಿಂತು "ನಾಳಿಂದ ಹಕ್ಕಲು ಬಿಟ್ಟೈತೆ" ಎಂದು ಕೂಗುತ್ತಿದ್ದ. ಅಲ್ಲಿಂದ ಮುಂದೆ ತೋಟದಲ್ಲಿ ಉಳಿದ ಕಾಳು ಲೈನಿನ ಮಕ್ಕಳದ್ದು. ಯಾವ ಕಾಗದದಲ್ಲೂ ಇಲ್ಲದ ಪದ್ಧತಿ. ನಮ್ಮಜ್ಜಿಯ ಕಾಲದಿಂದಲೂ ಇತ್ತು. ಆರಿಸಿ, ಒಣಗಿಸಿ, ಒರಳಲ್ಲಿ ಕುಟ್ಟಿ, ಓಡಿನಲ್ಲಿ ಹುರಿದು ಪುಡಿ ಮಾಡಿಟ್ಟರೆ ಅದೇ ನಮ್ಮ ಮನೆಯ ವರ್ಷದ ಕಾಫಿ. ದಿನವಿಡೀ ಕಾಫಿ ಗಿಡದಲ್ಲೇ ಬದುಕುವ ನಾವು ಕಾಫಿ ಕುಡಿಯುತ್ತಿದ್ದದ್ದು ಹಕ್ಕಲಿನಿಂದ ಮಾತ್ರ. ಅದು ಮುಗಿದರೆ ಬೆಲ್ಲದ ನೀರು.

ಹಕ್ಕಲಿನಲ್ಲಿ ಎಲ್ಲಕ್ಕಿಂತ ಮೇಲಾದದ್ದು ಬಾವಲಿ ಬೀಜ. ಬಾವಲಿಗಳು ಚೆನ್ನಾಗಿ ಮಾಗಿದ ಹಣ್ಣನ್ನೇ ಹುಡುಕಿ ಕಿತ್ತುಕೊಂಡು ಹೋಗಿ, ತಾವು ಕೂರುವ ಮರದಲ್ಲಿ ತಲೆಕೆಳಗಾಗಿ ನೇತುಬಿದ್ದು ಸಿಪ್ಪೆಯ ಸಿಹಿ ಚೀಪಿ ಬೀಜವನ್ನು ಕೆಳಗೆ ಉಗುಳುತ್ತವೆ. ಮರದ ಕೆಳಗೆ ಬೆಳ್ಳಗೆ, ಲೋಳೆಲೋಳೆಯಾಗಿ ಬಿದ್ದಿರುತ್ತದೆ. ಅದರ ಕಾಫಿಯ ರುಚಿಯೇ ಬೇರೆ ಎಂದು ಹಿರಿಯರು ಹೇಳುತ್ತಿದ್ದರು.

ಅಪ್ಪ ನನಗೆ ಐದು ವರ್ಷವಿದ್ದಾಗಲೇ ಹೋದ. ಮರಗಸಿ ಮಾಡುವಾಗ, ಅಂದರೆ ತೋಟಕ್ಕೆ ಬಿಸಿಲು ಬೀಳಲೆಂದು ನೆರಳಿನ ಮರದ ಕೊಂಬೆ ಕಡಿಯುವಾಗ, ಮೇಲಿನಿಂದ ಬಿದ್ದ. ಕೆಲಸಕ್ಕೆ ಒಬ್ಬ ಗಂಡಸು ಇಲ್ಲದಿದ್ದರೆ ಲೈನಿನ ಮನೆ ಖಾಲಿ ಮಾಡಬೇಕು. ಅಣ್ಣ ಹತ್ತನೇ ಕ್ಲಾಸಿನ ಪುಸ್ತಕ ಕಟ್ಟಿಟ್ಟು ಅಪ್ಪನ ಕತ್ತಿ ಹಿಡಿದು ಅದೇ ಮರಗಳನ್ನು ಹತ್ತಿದ. ಹೆಸರು ಚಂದ್ರ. ನನಗಿಂತ ಹತ್ತು ವರ್ಷ ದೊಡ್ಡವನು. ನನ್ನನ್ನು ಗುಬ್ಬಿ ಎನ್ನುತ್ತಿದ್ದ.

ಅಪ್ಪನನ್ನು ಮಣ್ಣು ಮಾಡಿದ್ದು ಲೈನಿನ ಹಿಂದಿನ ಮೇಲುಗುಡ್ಡದಲ್ಲಿ. ನಮ್ಮ ಜನ ಸತ್ತರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಹುಲ್ಲುಗುಡ್ಡ, ಸರ್ಕಾರದ ಜಾಗ. ಅದರ ಕೆಳಗಿನ ಸ್ವಲ್ಪ ಸಮತಟ್ಟಿನಲ್ಲಿ ಲೈನಿನವರು ರಾಗಿ ಚೆಲ್ಲುತ್ತಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಸ್ಟೇಟಿನ ಬೇಲಿ ಹಳ್ಳ ದಾಟಿತ್ತು. ಮುಂದಿನ ವರ್ಷ ರಾಗಿ ಚೆಲ್ಲುವ ಜಾಗದಲ್ಲಿ ಕಾಫಿ ಸಸಿಯ ಗುಂಡಿ ತೆಗೆದಿದ್ದರು. ಅಣ್ಣ ಆಗ ಬಾಯಿ ತೆರೆದ. ಲೈನಿನವರಿಗೆ ಅಲ್ಲಿ ಸ್ವಂತ ಮನೆಯ ಜಾಗ ಬೇಕು, ಗೋರಿಗಳಿರುವ ಕಡೆ ಯಾರೂ ಮುಟ್ಟಬಾರದು ಎಂದು ಎಲ್ಲರ ಹೆಬ್ಬೆಟ್ಟು ಹಾಕಿಸಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ಮತ್ತೆ ಮತ್ತೆ ಅಲೆದ. ಕೊನೆಗೆ ಆ ವರ್ಷ, ಶಿವರಾತ್ರಿ ಕಳೆದ ಮೇಲಿನ ವಾರ ಸರ್ವೆಯವರು ಬಂದು ಗುಡ್ಡ ಅಳೆಯುತ್ತಾರೆ ಎಂದಾಯಿತು.

ಆ ಸಲ ಕಣದ ಕಟ್ಟೆ ಹತ್ತಿದ ರೈಟರ್ ಕೂಗಿದ್ದು ಬೇರೆ. "ಈ ವರ್ಷ ಹಕ್ಕಲಿಲ್ಲ. ಒಂದು ಕಾಳು ಆರ್ಸುದ್ರೂ ಕಳ್ತನ. ನಿಮ್ಮ ಲೀಡ್ರನ್ನ ಕೇಳ್ಕಳ್ರಿ, ಕಾಫಿ ಕೊಡ್ತಾನೆ."

ಜನ ಚದುರತೊಡಗಿದರು. ನಮ್ಮ ಪಕ್ಕದ ಮನೆಯ ರಂಗಜ್ಜಿ ಮಾತ್ರ, "ಬಾವ್ಲಿಗೂ ಹೇಳ್ಬುಡಪ್ಪಾ, ಅದೂ ನಮ್ ಕಡೆದೇ" ಎಂದಳು. ಕೆಲವರು ನಕ್ಕರು. ರೈಟರ್ ನಗಲಿಲ್ಲ.

ಅದೇ ಸಂಜೆ ನಮ್ಮ ಒಲೆಯ ಮುಂದೆ ಅಣ್ಣ ಹಲಸಿನ ಬೀಜ ಸುಡುತ್ತಿದ್ದ. ರಂಗಜ್ಜಿ ಎಲೆಅಡಿಕೆ ಜಗಿಯುತ್ತ ಹೊಸ್ತಿಲಲ್ಲಿ ಕೂತಿದ್ದಳು. ಅವಳ ಗಂಡನೂ ಮೇಲುಗುಡ್ಡದ ಮಣ್ಣಿನಲ್ಲೇ ಇದ್ದ.

"ಅಲ್ವೋ ಚಂದ್ರ, ಸರ್ವೆಯೋರು ಬತ್ತಾರಲ್ಲ, ಅವ್ರಿಗೆ ಏನ್ ಕೊಡ್ತೀಯ? ನಿನ್ ಭಾಷಣಾನಾ?"

"ಕಾಫಿ ಕೊಡಾನ ಅಜ್ಜಿ."

"ಎಲ್ಲಿಂದ ತತ್ತೀಯ ಮಾರಾಯ? ಕುಯ್ದಿದ್ದು ಲಾರೀಲಿ ಹೋಗಾಯ್ತು. ಹಕ್ಕಲು ಅವ್ನು ಬುಡ್ಲಿಲ್ಲ."

ಅಣ್ಣ ಸುಟ್ಟ ಬೀಜವನ್ನು ಕೈಯಿಂದ ಕೈಗೆ ಹಾರಿಸುತ್ತ ಹೇಳಿದ: "ತಮಾಷೆ ಅಲ್ಲ ಕಣಜ್ಜಿ. ಇಲ್ಲಿಗೆ ಯಾವ ಆಫೀಸರ್ ಬಂದ್ರೂ ಮೊದ್ಲು ಹೋಗಾದು ಸಾವ್ಕಾರ್ರ ಬಂಗ್ಲೆಗೆ. ಅಲ್ಲಿ ಕಾಫಿ ಕುಡ್ದು, ಅಲ್ಲಿಂದ್ಲೇ ಗುಡ್ಡ ನೋಡ್ತಾರೆ. ಬಂಗ್ಲೆ ಕಡೆಯಿಂದ ನೋಡುದ್ರೆ ಎಲ್ಲಾನೂ ಬಂಗ್ಲೇದೇ ಕಾಣ್ತದೆ. ಈ ಸಲ ರಸ್ತೇಲೇ ನಿಲ್ಲುಸ್ಬೇಕು. ಮೊದ್ಲು ನಮ್ಮ ಕಾಫಿ, ಆಮ್ಯಾಕೆ ಗುಡ್ಡ."

"ಬೆಲ್ಲದ್ ನೀರು ಕೊಡು."

"ಕೊಡಾದೇ ಸೈ" ಎಂದು ನಕ್ಕ. ಬೀಜ ಸುಲಿದು ನನ್ನ ಬಾಯಿಗಿಟ್ಟ. "ಏನೇ ಗುಬ್ಬಿ, ನೀನು ಲೋಟ ಹಿಡ್ಕಂಡು ನಿಂತ್ಕಂತೀಯಾ?"

ಹೂಂ ಎಂದೆ. ಆ ರಾತ್ರಿ ಮಲಗುವಾಗಲೇ ನಾನು ತೀರ್ಮಾನ ಮಾಡಿಯಾಗಿತ್ತು.

ಹಳ್ಳದಾಚೆ ಒಂದು ದೊಡ್ಡ ಅತ್ತಿಮರವಿತ್ತು. ಅಲ್ಲಿ ಬಾವಲಿಗಳು ಜಾಸ್ತಿ. ಶಾಲೆಗೆಂದು ಹೊರಟವಳು ದಿನಾ ಆ ಮರದ ಕೆಳಗೆ ಹೋಗುತ್ತಿದ್ದೆ. ಅತ್ತಿಹಣ್ಣು ಕೊಳೆತ ವಾಸನೆ, ಬಾವಲಿ ಹಿಕ್ಕೆಯ ಘಾಟು, ಮೇಲೆ ರೆಕ್ಕೆ ಬಡಿಯುವ ಸದ್ದು. ಎಲೆ ಸರಿಸಿ ಒಂದೊಂದೇ ಬೀಜ ಆರಿಸಿ ಲಂಗಕ್ಕೆ ಹಾಕಿಕೊಳ್ಳುತ್ತಿದ್ದೆ. ಹಳ್ಳದ ನೀರಿನಲ್ಲಿ ಲೋಳೆ ಹೋಗುವ ತನಕ ತಿಕ್ಕಿ, ಬಂಡೆಯ ಮೇಲೆ ಹರಡಿ ಕಾಯುತ್ತಿದ್ದೆ. ಒಣಗಿದ್ದನ್ನು ಮನೆಗೆ ತಂದು ಅಟ್ಟದ ಮೇಲೆ ಸೌದೆಯ ಹಿಂದೆ, ಅಪ್ಪನ ಹಳೆ ಅಂಗಿಯಲ್ಲಿ ಕಟ್ಟಿ ಇಡುತ್ತಿದ್ದೆ. ಅವ್ವನಿಗೂ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ಸರ್ವೆಯ ದಿನ ಬೆಳಿಗ್ಗೆ ಗಂಟು ಬಿಚ್ಚಿ ಅಣ್ಣನ ಮುಂದೆ ಸುರಿಯಬೇಕು, ಅವನು ಬೆರಗಾಗಬೇಕು ಎನ್ನುವುದೇ ನನ್ನ ಆಸೆ. ಹಕ್ಕಲು ಬಿಟ್ಟಿಲ್ಲ ಎನ್ನುವುದು ಮರೆತಿರಲಿಲ್ಲ. ಆದರೆ ಬಾವಲಿ ಉಗುಳಿದ್ದು ಹೇಗೆ ಎಸ್ಟೇಟಿನ ಸಾವ್ಕಾರರದ್ದಾಗುತ್ತದೆ ಎಂದು ನನ್ನೊಳಗೇ ವಾದ ಮಾಡಿಕೊಂಡಿದ್ದೆ.

ಇದನ್ನು ನಾನು ಬಾಯಿ ಬಿಟ್ಟದ್ದು ಒಂದೇ ಸಲ. ರೈಟರ್ ಮಗಳು ಗೀತ ನಮ್ಮ ಜೊತೆ ಕುಂಟೆಬಿಲ್ಲೆ ಆಡಲು ಬರುತ್ತಿದ್ದಳು. ಅವಳ ಬಿಲ್ಲೆ ಗೆರೆಯ ಮೇಲೆ ಬಿತ್ತು. ನಾನು ಔಟು ಎಂದೆ. ಅವಳು ಒಪ್ಪಲಿಲ್ಲ. ಜಗಳ ಹತ್ತಿತು.

"ಹೋಗೇ, ಬೆಲ್ಲದ್ ನೀರು ಕುಡ್ಯೋರು ನೀವು. ನಿಮ್ಮನೇಲಿ ಕಾಫಿ ಪುಡಿ ಮುಖ ಯಾರ್ ನೋಡವ್ರೆ?"

"ನಮ್ಮನೇಲೂ ಐತೆ. ನಿಮ್ಮನೇದುಕ್ಕಿಂತ ಚೆನ್ನಾಗಿರೋದು. ಬಾವ್ಲಿ ಬೀಜ, ಅಟ್ಟದ್ ಮ್ಯಾಲೈತೆ."

"ಸುಳ್ಳಿ."

"ಬಂದು ನೋಡು ಬೇಕಾದ್ರೆ."

ಗೀತ ಬಂದು ನೋಡಲಿಲ್ಲ. ಮನೆಗೆ ಹೋಗಿ ಹೇಳಿದಳು. ಅವಳನ್ನು ನಾನು ಬೈಯುವುದಿಲ್ಲ. ಅವಳೂ ನನ್ನಷ್ಟೇ ಚಿಕ್ಕವಳು, ಬಿಲ್ಲೆ ಸೋತ ಸಿಟ್ಟಿನಲ್ಲಿದ್ದಳು.

ಸರ್ವೆಗೆ ಇನ್ನೆರಡು ದಿನ ಇತ್ತು. ಹಿಂದಿನ ವಾರವೇ ಹೂಮಳೆ ಬಿದ್ದು ತೋಟದ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು. ಬೆಳಿಗ್ಗೆ ಬಾಗಿಲು ತೆರೆದರೆ ಮಲ್ಲಿಗೆಯಂಥ ಪರಿಮಳ ತಲೆಗೆ ಹತ್ತುತ್ತಿತ್ತು. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಅಣ್ಣ ಕತ್ತಿ ಮಸೆಯುತ್ತಿದ್ದ. ಜೀಪು ಲೈನಿನ ಮುಂದೆ ಬಂದು ನಿಂತಿತು. ಇಬ್ಬರು ಪೊಲೀಸರು, ಜೊತೆಗೆ ರೈಟರ್.

"ಏನಪ್ಪಾ ಲೀಡ್ರು, ಅಟ್ಟ ಸ್ವಲ್ಪ ನೋಡ್ಬೇಕಲ್ಲ" ಎಂದ ರೈಟರ್.

"ನೋಡಿ ಸಾ. ಸೌದೆ ಐತೆ, ಇಲಿ ಐತೆ" ಎಂದ ಅಣ್ಣ. ಅವನ ದನಿಯಲ್ಲಿ ಅನುಮಾನವೇ ಇರಲಿಲ್ಲ. ಅದು ನನಗೆ ಈಗಲೂ ಕೇಳಿಸುತ್ತದೆ.

ಒಬ್ಬ ಪೊಲೀಸ್ ಹತ್ತಿ ಸೌದೆ ಕೆಡವಿದ. ಅಪ್ಪನ ಅಂಗಿಯ ಗಂಟು ಕೆಳಗೆ ಬಿತ್ತು. ಬಿಚ್ಚಿಕೊಂಡು ಬೀಜ ನೆಲದ ತುಂಬ ಚೆಲ್ಲಿತು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಅಯ್ಯೋ ಇದೇನಿದು" ಎಂದಳು. ಅಣ್ಣ ಬಗ್ಗಿ ನಾಲ್ಕು ಕಾಳು ಎತ್ತಿಕೊಂಡ. ಕುಯ್ದು ಯಂತ್ರಕ್ಕೆ ಹಾಕಿದ ಬೀಜಕ್ಕೂ ಬಾವಲಿ ಬೀಜಕ್ಕೂ ವ್ಯತ್ಯಾಸ ಲೈನಿನಲ್ಲಿ ಯಾವ ಮಗುವಿಗಾದರೂ ಗೊತ್ತು. ಬಾವಲಿ ಬೀಜದ ಮೇಲೆ ಸಣ್ಣ ಹಲ್ಲಿನ ಗುರುತಿರುತ್ತದೆ. ಅಣ್ಣ ಕಾಳು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತು.

"ಯಾರೋ ತಂದಿದ್ದು ಇದು?" ಎಂದ ಪೊಲೀಸ್.

ಅಣ್ಣ, "ಗೊತ್ತಿಲ್ಲ ಸಾ. ಇದು ಬಾವ್ಲಿ ತಿಂದು ಉಗ್ದಿದ್ದು. ನೋಡಿ, ಹಲ್ಲೈತೆ" ಎಂದ.

"ಬಾವ್ಲಿ ಬಂದು ಅಟ್ಟದಲ್ಲಿ ಗಂಟು ಕಟ್ಟಿ ಇಡ್ತಾ?"

ರೈಟರ್ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನು ನನ್ನನ್ನು ಎಂದೂ ಬೈದವನಲ್ಲ, ಒಂದೆರಡು ಸಲ ಮಿಠಾಯಿ ಕೊಟ್ಟಿದ್ದ. ನಶ್ಯದ ವಾಸನೆ ಬಂತು.

"ಪುಟ್ಟೀ, ನೀನು ಸುಳ್ಳು ಹೇಳೋ ಹುಡ್ಗಿ ಅಲ್ಲ. ಯಾರ್ ತಂದಿಟ್ರು ಹೇಳು. ತಂದೋರ್ನ ಕರ್ಕೊಂಡೋಗಿ ಎರಡು ಮಾತು ಕೇಳಿ ಬುಟ್ಬುಡ್ತಾರೆ. ನಿಮ್ಮಣ್ಣ ಅಲ್ವಾ?"

ತಂದದ್ದು ನಾನು ಎಂದು ಹೇಳಲು ನಾಲಿಗೆ ಏಳಲಿಲ್ಲ. ಜೀಪಿನ ಹಿಂಬದಿಯ ಕಬ್ಬಿಣದ ಸೀಟು ಕಾಣಿಸುತ್ತಿತ್ತು. ಪೊಲೀಸ್ ಕೈಯ ಲಾಠಿ ನನ್ನ ಎತ್ತರಕ್ಕೇ ಇತ್ತು. ಅಣ್ಣ ದೊಡ್ಡವನು, ಗಟ್ಟಿಯವನು, ಹೋಗಿ ಬರುತ್ತಾನೆ ಎಂದುಕೊಂಡೆ. ಇಷ್ಟನ್ನೂ ಯೋಚಿಸಿದ್ದೇನೆ. ಯೋಚಿಸಿ, ಹೌದೆಂದು ತಲೆಯಾಡಿಸಿದೆ.

"ನೋಡುದ್ರಾ" ಎಂದು ರೈಟರ್ ಎದ್ದ.

ಅಣ್ಣ ಕತ್ತಿ ಪಕ್ಕಕ್ಕಿಟ್ಟು ತಾನೇ ಜೀಪಿನ ಕಡೆ ಹೊರಟ. ಅವ್ವ ಪೊಲೀಸರ ಕಾಲು ಹಿಡಿಯಲು ಹೋದಾಗ, "ಏಳವ್ವ, ಸರ್ವೆ ದಿನ ನಾನಿಲ್ದಿದ್ರೂ ನೀವೆಲ್ಲ ಗುಡ್ಡದ ಮ್ಯಾಲಿರಿ. ಮರೀಬ್ಯಾಡಿ" ಎಂದ. ಜೀಪು ಹೊರಟ ಮೇಲೆ ನೆಲದ ಮೇಲೆ ಉಳಿದಿದ್ದ ಕಾಳುಗಳನ್ನು ಅವ್ವ ಪೊರಕೆಯಿಂದ ಗುಡಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಸುಟ್ಟ ಕಾಫಿಯ ವಾಸನೆ. ಯಾರು ತಂದದ್ದು ಎಂದು ಅವಳು ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ನನ್ನ ಒಂದು ಗಂಟಿನ ಬೀಜ ಕೇಸಿನಲ್ಲಿ ಮೂಟೆಗಟ್ಟಲೆಯಾಯಿತು. ಎಸ್ಟೇಟ್ ಸ್ಟೋರಿನ ಬೀಗ ಮುರಿದ ಎಂದೂ ಸೇರಿತು. ಸ್ಟೇಷನ್ನಿನಲ್ಲಿ ಅಣ್ಣನಿಗೆ ಹೇಳಿದ್ದು ಒಂದೇ ಮಾತಂತೆ: ಗುಡ್ಡದ ಅರ್ಜಿ ವಾಪಸು ತಗೊಂಡೆ ಎಂದು ಸಹಿ ಹಾಕು, ಸಂಜೆಗೆ ಮನೆಗೆ ಹೋಗು. ಅವನು ಹಾಕಲಿಲ್ಲ. ಸಹಿ ಹಾಕದ ಕೈಯ ಬೆರಳುಗಳನ್ನು ಮೇಜಿನ ಮೇಲಿಟ್ಟು ಹೊಡೆದರು. ಆಮೇಲೂ ಹಾಕಲಿಲ್ಲ.

ಸರ್ವೆಯ ದಿನ ಲೈನಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಗುಡ್ಡ ಹತ್ತಿದವರಿಗೆಲ್ಲ ಕಳ್ಳತನದ ಕೇಸು ಎಂದು ಹಿಂದಿನ ದಿನವೇ ಸುದ್ದಿ ಹಬ್ಬಿಸಿದ್ದರು. ಬಂದವರು ಬಂಗಲೆಗೇ ಹೋದರು. ಕಾಫಿ ಕುಡಿದರು. ಅಲ್ಲಿಂದ ಅಳತೆಯ ಸರಪಳಿ ಹಿಡಿದು ಬಂದರು. ಅವ್ವ ನನ್ನ ಕೈ ಹಿಡಿದು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆಮೇಲೆ ಏನನ್ನಿಸಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲು ತೆಗೆದು ಹೊರಟೇಬಿಟ್ಟಳು. ಪಕ್ಕದಿಂದ ರಂಗಜ್ಜಿ ಆಗಲೇ ದೊಣ್ಣೆ ಊರಿಕೊಂಡು ಹತ್ತುತ್ತಿದ್ದಳು. ಇಡೀ ಲೈನಿನಿಂದ ಗುಡ್ಡ ಹತ್ತಿದ್ದು ಆ ಇಬ್ಬರು ಹೆಂಗಸರೇ.

"ಅಜ್ಜೀ, ಇಲ್ಲಿ ಏನ್ ಕೆಲ್ಸ ನಿಂಗೆ?" ಎಂದು ಸರ್ವೆಯವರಲ್ಲೊಬ್ಬ ಕೇಳಿದ.

"ನನ್ ಗಂಡ ಮಲಗವ್ನೆ. ಎಬ್ಬುಸ್ಬ್ಯಾಡಿ ಅಂತ ಹೇಳಕ್ ಬಂದೆ" ಎಂದು ರಂಗಜ್ಜಿ ಗೋರಿಯ ಪಕ್ಕ ಕೂತಳಂತೆ. ಅವ್ವ ಅಪ್ಪನ ಕಲ್ಲಿನ ಹತ್ತಿರ ನಿಂತಳಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ಹೋಗಲಿಲ್ಲ. ಚಾಪೆಯೊಳಗೆ ಸುತ್ತಿಕೊಂಡು ಮಲಗಿದ್ದೆ. ಅವರಿಬ್ಬರನ್ನು ಬಳಸಿ ಸರಪಳಿ ಹೋಯಿತು. ಗುಡ್ಡ ಲೈನಿನ ಯಾರ ಅನುಭವದಲ್ಲೂ, ಬಳಕೆಯಲ್ಲೂ ಇಲ್ಲ, ಅರ್ಜಿದಾರ ಹಾಜರಿಲ್ಲ ಎಂದು ಬರೆದುಕೊಂಡರು. ಮುಂದಿನ ಮಳೆಗಾಲಕ್ಕೆ ಗೋರಿಗಳ ನಡುವೆ ಕಾಫಿ ಸಸಿ ನೆಟ್ಟರು.

ಅಣ್ಣ ಜಾಮೀನಿನ ಮೇಲೆ ಹೊರಬಂದಾಗ ಯುಗಾದಿ ಕಳೆದಿತ್ತು. ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಅಷ್ಟರಲ್ಲಿ ನಮ್ಮ ಸಾಮಾನು ಲೈನಿನ ಹೊರಗೆ ಬಿದ್ದಿತ್ತು. ಆಲೂರು ಕಡೆ, ಮಗ್ಗೆಯಲ್ಲಿ ಅವ್ವನ ತಂಗಿಯ ಮನೆಯ ದನದ ಕೊಟ್ಟಿಗೆಗೆ ತಡಿಕೆ ಕಟ್ಟಿಕೊಂಡು ಹೊಸ ಬದುಕು ಶುರು ಮಾಡಿದೆವು. ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಅವ್ವನ ಜೊತೆ ಶುಂಠಿ ಹೊಲಕ್ಕೆ, ನಾಟಿಗೆ ಹೋದೆ. ಮರ ಹತ್ತಲಾಗದ ಅಣ್ಣ ಅಲ್ಲಿ ಇಲ್ಲಿ ಕೂಲಿ ಮಾಡಿದ. ಕೂಲಿಯ ದಿನ ಬಿಟ್ಟರೆ ಉಳಿದ ದಿನವೆಲ್ಲ ಅರ್ಜಿಯ ಹಿಂದೆ. ಅವನ ಕೇಸು ಸಾಕ್ಷಿ ಸಿಗದೆ ಎಷ್ಟೋ ವರ್ಷದ ಮೇಲೆ ಬಿದ್ದುಹೋಯಿತು. ಆದರೆ ಆ ಹೆಸರು ಬೀಳಲಿಲ್ಲ. ಯಾವ ಕಚೇರಿಗೆ ಹೋದರೂ, "ಕಾಫಿ ಕದ್ದೋನಲ್ವೇನಯ್ಯ ನೀನು" ಎಂದೇ ಮಾತು ಶುರು. ಹೆಣ್ಣು ಕೊಡಲು ಬಂದವರು ಅದೇ ಮಾತು ಕೇಳಿ ವಾಪಸು ಹೋದರು. ಅವನ ಮದುವೆ ಆಗಲೇ ಇಲ್ಲ.

ಈ ವರ್ಷಗಳಲ್ಲಿ ನಾನು ಹೇಳಲು ಹೊರಟದ್ದುಂಟು. ಒಂದು ಸಂಜೆ ಮುದ್ದೆ ಮುರಿಯಲು ಅವನು ಎಡಗೈಯಿಂದ ಬಲಗೈಯ ಬೆರಳು ಮಡಚುತ್ತಿದ್ದ.

"ಅಣ್ಣಾ, ಆವತ್ತು ಅಟ್ಟದ ಮ್ಯಾಲೆ..."

"ಉಣ್ಣೇ ಗುಬ್ಬಿ, ಸಾರು ಆರೋಗ್ತದೆ" ಎಂದ.

ಅವನಿಗೆ ಆ ಮಾತು ನನ್ನ ಬಾಯಿಂದ ಬರುವುದು ಬೇಡವಾಗಿತ್ತು. ಬಂದರೆ ನಾನು ಅಳುತ್ತೇನೆ, ಅವ್ವ ಕೇಳುತ್ತಾಳೆ, ಮನೆ ಒಡೆಯುತ್ತದೆ ಎಂದು ಅವನ ಲೆಕ್ಕ. ನನಗೂ ಅದು ಅನುಕೂಲವೇ ಆಯಿತು. ಸುಮ್ಮನಾದೆ. ಮದುವೆಯಾದೆ, ಮಗಳು ಹುಟ್ಟಿದಳು, ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾದೆ. ಅವ್ವ ಹೋದಳು. ಅವಳನ್ನು ಅಪ್ಪನ ಪಕ್ಕದಲ್ಲಿ ಮಲಗಿಸಬೇಕೆಂದು ಅಣ್ಣ ಆ ಗುಡ್ಡದ ತನಕ ಹೋಗಿ ಕೇಳಿದ. ಗೇಟಿನಲ್ಲೇ ತಡೆದರು. ಮಗ್ಗೆಯ ಕೆರೆ ಏರಿಯ ಹಿಂದೆ ಮಣ್ಣು ಮಾಡಿದೆವು. ಅಣ್ಣ ಅಂದು ಅತ್ತದ್ದನ್ನು ನೋಡಿದೆ. ಪೊಲೀಸರು ಬೆರಳು ಮುರಿದಾಗ ಅಳದವನು. ಆ ದಿನ ನನ್ನೊಳಗೆ ಏನೋ ಗಟ್ಟಿಯಾಯಿತು. ಇನ್ನು ಅವನು ಕರೆಯದಿದ್ದರೂ ಜೊತೆಗೆ ಹೋಗುತ್ತೇನೆ ಎಂದುಕೊಂಡೆ. ಹೋದೆ ಕೂಡ. ಚದುರಿಹೋಗಿದ್ದ ಲೈನಿನ ಜನರನ್ನು ಊರೂರು ಹುಡುಕಿ, ಅಣ್ಣ ಹೇಳಿದ್ದನ್ನು ನಾನು ಮನೆಯೊಳಗೆ ಹೆಂಗಸರಿಗೆ ಹೇಳಿದೆ. "ನಿನ್ ಅಣ್ಣ ಇನ್ನೂ ಬುಟ್ಟಿಲ್ವೇನೇ ಅದ್ನ" ಎಂದು ನಕ್ಕವರೂ ಕೊನೆಗೆ ಹೆಬ್ಬೆಟ್ಟು ಕೊಟ್ಟರು.

ಎರಡು ಸಾವಿರದ ಇಸವಿ ದಾಟಿ ಹತ್ತು ವರ್ಷವಾಗಿತ್ತು. ಹೊಸ ಅಧಿಕಾರಿ ಬಂದರು, ಮೇಲುಗುಡ್ಡವನ್ನು ಮತ್ತೆ ಅಳೆಯಲು ಒಪ್ಪಿದರು. ಬೆಳಿಗ್ಗೆ ಬಸ್ಸಿಳಿದು ನಾವೆಲ್ಲ ಗುಂಪಾಗಿ ಗುಡ್ಡ ಹತ್ತಿದೆವು. ನಾನು ಆ ನೆಲ ಮೆಟ್ಟಿದ್ದು ಅಪ್ಪನನ್ನು ಮಣ್ಣು ಮಾಡಿದ ಮೇಲೆ ಅದೇ ಮೊದಲು.

ಗುಡ್ಡದಲ್ಲಿ ಹುಲ್ಲೇ ಇರಲಿಲ್ಲ. ಕಣ್ಣು ಹಾಯುವ ತನಕ ಎದೆಯೆತ್ತರದ ಕಾಫಿ ಗಿಡ, ಮರಗಳಿಗೆ ಮೆಣಸಿನ ಬಳ್ಳಿ. ರಾಗಿ ಚೆಲ್ಲುತ್ತಿದ್ದ ಜಾಗ ಯಾವುದೆಂದು ನಮ್ಮ ನಮ್ಮಲ್ಲೇ ವಾದವಾಯಿತು. ರಂಗಜ್ಜಿ ಸತ್ತು ಬಹಳ ದಿನವಾಗಿತ್ತು. ಅವಳ ಗಂಡನ ಗೋರಿ ತೋರಿಸುವವರಿಲ್ಲ. ಅಪ್ಪನ ತಲೆದೆಸೆಯ ಕಲ್ಲನ್ನು ಅಣ್ಣ ಗಿಡಗಳ ಬುಡದಲ್ಲಿ ಬಗ್ಗಿ ಬಗ್ಗಿ ಹುಡುಕಿದ. ಸಿಗಲಿಲ್ಲ. ಕೆಳಗೆ ಲೈನು ಇದ್ದಲ್ಲಿ ತಗಡಿನ ಶೆಡ್ಡು ಎದ್ದಿತ್ತು. ಅತ್ತಿಮರ ಕಡಿದಿದ್ದರು, ಬಾವಲಿಗಳು ಎಲ್ಲಿಗೆ ಹೋದವೋ. ನಮ್ಮ ರೈಟರ್ ಆಟ ಆಡುವ ಮಕ್ಕಳು ಈಗ ಅಲ್ಲಿಲ್ಲ. ಹಕ್ಕಲು ಎಂದರೆ ಏನಮ್ಮ ಎಂದು ದಾರಿಯಲ್ಲಿ ನನ್ನ ಮಗಳು ಕೇಳಿದ್ದಳು. ಹೇಳಿದೆ, ಅವಳು ಕಥೆ ಕೇಳುವಂತೆ ಕೇಳಿದಳು. ನನ್ನ ಅಣ್ಣನ ಹದಿನೈದು ವರ್ಷ ಹೋಗಿತ್ತು, ಎರಡು ಬೆರಳು ಹೋಗಿತ್ತು, ಒಂದು ಸಂಸಾರ ಆಗದೆಯೇ ಹೋಗಿತ್ತು. ಇದರಲ್ಲಿ ಎಷ್ಟು ಸಾವ್ಕಾರರ ಪಾಲು, ಎಷ್ಟು ನನ್ನ ಪಾಲು ಎಂದು ಆ ಗಿಡಗಳ ನಡುವೆ ನಿಂತು ಯೋಚಿಸಿದೆ.

ಹಳೆಯ ರೈಟರ್ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೋಲು ಹಿಡಿದಿದ್ದ. ಎಸ್ಟೇಟಿನ ಪರವಾಗಿ ಅವನೇ ಮಾತಾಡಿದ. ಅಧಿಕಾರಿ ಅಣ್ಣನನ್ನು ಕರೆದು ಗೋರಿಗಳು ಎಲ್ಲಿದ್ದವು ಹೇಳಿ ಎಂದರು. ಅಣ್ಣ ಬಾಯಿ ತೆರೆಯುವ ಮೊದಲೇ ರೈಟರ್, "ಸಾರ್, ಇವ್ನ ಮಾತು ನಂಬ್ತೀರಾ? ಸ್ಟೋರಿನ ಕಾಫಿ ಕದ್ದು ಜೈಲಿಗೆ ಹೋಗಿ ಬಂದೋನು. ಅವನ ಒಡಹುಟ್ಟಿದ ತಂಗಿನೇ ಆವತ್ತು ಒಪ್ಕಂಡಿದ್ಲು" ಎಂದ.

ಜನ ತಲೆ ತಗ್ಗಿಸಿದರು. ಅಣ್ಣ ಎಂದಿನಂತೆ ಸುಮ್ಮನೆ ನಿಂತ. ಆ ಸುಮ್ಮನಿರುವಿಕೆಯಲ್ಲಿ ನನ್ನನ್ನು ಇನ್ನೊಂದು ಸಲ ಬಚ್ಚಿಡಲು ಹೊರಟಿದ್ದ. ನಾನು ಮಗಳ ಕೈ ಬಿಟ್ಟು ಮುಂದೆ ಬಂದೆ.

"ಸಾರ್, ಆ ತಂಗಿ ನಾನೇ. ನಮ್ಮಣ್ಣ ಒಂದು ಕಾಳೂ ತಂದಿಲ್ಲ. ಬಾವ್ಲಿ ಉಗ್ದಿದ್ದ ಬೀಜ ನಾನು ಆರುಸ್ಕಂಡು ಬಂದು ಅಟ್ಟದಲ್ಲಿ ಇಟ್ಟಿದ್ದೆ, ಅವನಿಗೆ ಗೊತ್ತೇ ಇರ್ಲಿಲ್ಲ. ಸ್ಟೋರಿನ ಬೀಗ ಯಾರೂ ಮುರ್ದಿಲ್ಲ. ಇವ್ರು ಕೇಳ್ದಾಗ ನಾನು ಹೆದ್ರಿ ಅವನ ಹೆಸ್ರಿಗೆ ತಲೆ ಆಡ್ಸುಬುಟ್ಟೆ. ಬೇಕಾದ್ರೆ ಈಗ ನನ್ನ ಮೇಲೆ ಕೇಸು ಹಾಕಿ. ಆದ್ರೆ ಗೋರಿ ಎಲ್ಲೈತೆ ಅಂತ ಅವ್ನು ಹೇಳೋದನ್ನ ಬರ್ಕಳಿ."

ಅಧಿಕಾರಿ ಪೆನ್ನು ತೆರೆದರು. ಗುಡ್ಡದ ವಿಷಯ ಆ ದಿನಕ್ಕೆ ಮುಗಿಯಲಿಲ್ಲ, ಇನ್ನೂ ಮುಗಿದಿಲ್ಲ. ಕರೆದಾಗಲೆಲ್ಲ ಅಣ್ಣನೂ ನಾನೂ ಹೋಗುತ್ತಿದ್ದೇವೆ, ಹೋಗುತ್ತೇವೆ. ಆದರೆ ಅಂದು ನನಗೆ ಹೇಳಬೇಕಾಗಿದ್ದದ್ದು ಅಧಿಕಾರಿಗಲ್ಲ. ಅಣ್ಣ, "ಯಾಕೆ ಗುಬ್ಬಿ, ಸುಮ್ಕಿರಬಾರ್ದಾ" ಎಂದು ಮೆಲ್ಲಗೆ ಹೇಳುತ್ತಿದ್ದ. ನಾನು ಅವನ ಆ ಬಲಗೈ ಹಿಡಿದುಕೊಂಡು, ಅಷ್ಟು ಜನಕ್ಕೂ ಕೇಳುವ ಹಾಗೆ ಹೇಳಿದೆ:

"ಸುಮ್ಕಿದ್ದೇ ಇಷ್ಟಾಗಿದ್ದು ಅಣ್ಣಾ. ನಿನ್ನ ಜೀಪಿಗೆ ಹತ್ಸಿದೋಳು ನಾನು. ತಪ್ಪಾಯ್ತು, ಕ್ಷಮ್ಸು."